ಸಿನಿಮಾ ತೋರಿಸಿದರಷ್ಟೇ ಸಾಲದು: ಮಕ್ಕಳು ದನಿ ಎತ್ತಲು ಶಾಲೆ ಮಾಡಬೇಕಾದ ಕೆಲಸ

ಒಳ್ಳೆಯ ಮಕ್ಕಳ ಸಿನಿಮಾ ನೋಡಿ ಎದ್ದ ತರಗತಿಯಲ್ಲಿ ಅರ್ಧ ದಿನದ ಮಟ್ಟಿಗೆ ಒಂದು ಹುರುಪು ಇರುತ್ತದೆ. ಸಂಭಾಷಣೆ ಒಪ್ಪಿಸುತ್ತಾರೆ, ಹಾಡು ಗುನುಗುತ್ತಾರೆ, ‘ನಮ್ಮ ಶಾಲೇಲೂ ಹಿಂಗೇ ಅಲ್ವಾ ಮಿಸ್’ ಅನ್ನುತ್ತಾರೆ. ಆ ಕೊನೆಯ ಮಾತನ್ನು ಶಿಕ್ಷಕರು ಹಿಡಿದುಕೊಂಡರೆ ಕೆಲಸ ಶುರುವಾಗುತ್ತದೆ. ಬಿಟ್ಟರೆ ಮರುದಿನದ ಗಣಿತದ ಪಿರಿಯಡ್ಡಿಗೆ ಅದು ಕರಗಿಹೋಗಿರುತ್ತದೆ. 6ರಿಂದ 10ನೇ ತರಗತಿಯ ಮಕ್ಕಳ ಜೊತೆ ಒಂದು ಸಿನಿಮಾದಿಂದ ಹೊರಟು ಒಂದು ಮನವಿ ಪತ್ರ, ಒಂದು ಸಭೆ, ಒಂದು ಉತ್ತರದವರೆಗೆ ಹೋಗುವುದು ಹೇಗೆ ಎಂಬುದು ಈ ಬರಹದ ವಿಷಯ. ಇದಕ್ಕೆ ಆರರಿಂದ ಎಂಟು ವಾರ ಬೇಕು. ಜೂನ್ ಕೊನೆಯಲ್ಲೋ ದಸರಾ ರಜೆ ಮುಗಿದ ಕೂಡಲೇ ಶುರು ಮಾಡಬೇಕು. ಜನವರಿ ದಾಟಿದರೆ ಪರೀಕ್ಷೆಯ ಗಡಿಬಿಡಿಯಲ್ಲಿ ಅರ್ಧಕ್ಕೇ ನಿಲ್ಲುತ್ತದೆ.

ಯಾವ ಸಿನಿಮಾ?

ಕನ್ನಡದಲ್ಲಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುವುದು ರಿಷಬ್ ಶೆಟ್ಟಿ ನಿರ್ದೇಶನದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. 2018ರ ಆಗಸ್ಟಿನಲ್ಲಿ ತೆರೆಕಂಡ ಇದಕ್ಕೆ 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಮಕ್ಕಳ ಚಿತ್ರ ಪ್ರಶಸ್ತಿ ಬಂತು. ಗಡಿನಾಡಿನ ಒಂದು ಕನ್ನಡ ಶಾಲೆಗೆ ಕನ್ನಡ ಬಾರದ ಗಣಿತ ಮೇಷ್ಟ್ರು ಬರುವುದು, ಶಾಲೆಗೆ ಬೀಗ ಬೀಳುವುದು, ಮಕ್ಕಳು ಮೈಸೂರಿನವರೆಗೆ ಹೋಗಿ ಅನಂತ್ ನಾಗ್ ಮಾಡಿರುವ ಪಾತ್ರದ ಹಿರಿಯರನ್ನು ಕರೆತರುವುದು, ಕೊನೆಗೆ ವಿಷಯ ನ್ಯಾಯಾಲಯ ಮುಟ್ಟುವುದು: ಇಷ್ಟು ಕತೆ. ಹೋರಾಟದ ವಿಷಯ ದೂರದ ಯಾವುದೋ ಆದರ್ಶವಲ್ಲ. ಮಕ್ಕಳು ದಿನಾ ಕೂರುವ ಬೆಂಚು, ದಿನಾ ಕೇಳುವ ಪಾಠವೇ ವಿಷಯ. ಅದಕ್ಕೇ ಇದು ಹಳ್ಳಿ ಶಾಲೆಯ ಮಕ್ಕಳಿಗೆ ಬೇಗ ತಟ್ಟುತ್ತದೆ.

ಆದರೆ ಈ ಸಿನಿಮಾದಲ್ಲಿ ಶಿಕ್ಷಕರು ಎಚ್ಚರದಿಂದ ನೋಡಬೇಕಾದ ಎರಡು ಜಾಗಗಳಿವೆ. ನ್ಯಾಯಾಲಯದಲ್ಲಿ ಕೊನೆಗೆ ಗಟ್ಟಿಯಾಗಿ ಮಾತಾಡುವುದು ಹೊರಗಿನಿಂದ ಬಂದ ಹಿರಿಯರು. ಮಕ್ಕಳು ಆ ಹೊತ್ತಿಗೆ ನೋಡುಗರ ಸಾಲಿನಲ್ಲಿರುತ್ತಾರೆ. ಸಿನಿಮಾಕ್ಕೆ ಅದು ಸರಿ, ಚಪ್ಪಾಳೆ ಬೀಳುತ್ತದೆ. ತರಗತಿಗೆ ಅದು ಸಾಲದು. ‘ಯಾರೋ ದೊಡ್ಡವರು ಬಂದು ನಮ್ಮ ಪರ ಮಾತಾಡುತ್ತಾರೆ’ ಎಂಬ ನಂಬಿಕೆ ಮಕ್ಕಳಲ್ಲಿ ಉಳಿದರೆ ಅವರು ಕಾಯುತ್ತಾ ಕೂರುತ್ತಾರೆ. ಮುಂದೆ ಹೇಳುವ ಹಂತಗಳೆಲ್ಲ ಆ ಹಿರಿಯರ ಜಾಗದಲ್ಲಿ, ಕೈಯಲ್ಲಿ ಲೆಕ್ಕದ ಪುಸ್ತಕ ಹಿಡಿದ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ನಿಲ್ಲಿಸುವುದಕ್ಕಾಗಿ.

ಎರಡನೆಯದು ಆ ಮೇಷ್ಟ್ರ ಪಾತ್ರ. ಕನ್ನಡ ತಪ್ಪಾಗಿ ಉಚ್ಚರಿಸುವುದೇ ಅಲ್ಲಿ ನಗುವಿಗೆ ಕಾರಣ. ಮಕ್ಕಳು ಅದನ್ನೇ ಎತ್ತಿಕೊಂಡು ಊರಿನ ಮಲಯಾಳಿ ಬೇಕರಿಯವರನ್ನೋ ಬೇರೆ ಮಾತಿನ ಸಹಪಾಠಿಯನ್ನೋ ಅಣಕಿಸುವ ಅಪಾಯ ಇದ್ದೇ ಇದೆ. ‘ಮೇಷ್ಟ್ರಿಗೆ ಕನ್ನಡ ಬಾರದ್ದು ಅವರ ತಪ್ಪಾ? ಅವರನ್ನು ಅಲ್ಲಿಗೆ ಹಾಕಿದ್ದು ಯಾರು?’ ಎಂದು ಆ ದೃಶ್ಯ ಮುಗಿದ ತಕ್ಷಣವೇ ಕೇಳಿ. ಸಿಟ್ಟು ಮನುಷ್ಯನ ಮೇಲಿಂದ ವ್ಯವಸ್ಥೆಯ ಕಡೆಗೆ ತಿರುಗುವುದು ಈ ಒಂದು ಪ್ರಶ್ನೆಯಿಂದ. ಇದನ್ನು ಕಲಿಯದ ಮಗು ನಾಳೆ ಮನವಿ ಪತ್ರದಲ್ಲೂ ಅಡುಗೆಯವರ ಹೆಸರು, ಗುಡಿಸುವವರ ಹೆಸರು ಬರೆದು ಅವರನ್ನೇ ಬೈಯುತ್ತದೆ.

ತೋರಿಸುವ ಮುನ್ನ

ಶಾಲೆಯ ಚಟುವಟಿಕೆಯಾಗಿ ಸಿನಿಮಾ ತೋರಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಅವಕಾಶ ಕೊಡುತ್ತದೆ. ಆದರೆ ನೋಡುವವರು ವಿದ್ಯಾರ್ಥಿಗಳು, ಶಿಕ್ಷಕರು, ಪೋಷಕರು ಮತ್ತು ಶಾಲೆಯ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಊರಿಗೆಲ್ಲ ಡಂಗುರ ಸಾರಿ ತೋರಿಸುವುದಾದರೆ, ಟಿಕೆಟ್ಟು ಮಾಡುವುದಾದರೆ, ಹಕ್ಕುದಾರರ ಅನುಮತಿ ಬೇಕು. ಕಳ್ಳಪ್ರತಿ ತಂದು ತೋರಿಸಬೇಡಿ. ಹಕ್ಕು, ನ್ಯಾಯ ಎಂದು ಕಲಿಸಲು ಹೊರಟ ಪಾಠ ಅಲ್ಲೇ ಸುಳ್ಳಾಗುತ್ತದೆ.

ಸಿನಿಮಾ ಸುಮಾರು ಎರಡೂವರೆ ಗಂಟೆ. ಒಂದೇ ಬಾರಿಗೆ ತೋರಿಸಿದರೆ ಮಾತಿಗೆ ಸಮಯ ಉಳಿಯುವುದಿಲ್ಲ, ಸಣ್ಣ ಮಕ್ಕಳು ಕೊನೆಯ ನ್ಯಾಯಾಲಯದ ಭಾಗಕ್ಕೆ ಬರುವಷ್ಟರಲ್ಲಿ ದಣಿದಿರುತ್ತಾರೆ. ಶುಕ್ರವಾರ ಮಧ್ಯಾಹ್ನದ ಮೇಲೆ ಮೊದಲರ್ಧ, ಶನಿವಾರ ಬೆಳಿಗ್ಗೆ ಎರಡನೆಯ ಅರ್ಧ, ಹೀಗೆ ಹಂಚಿ. ಬ್ಯಾಗ್‌ರಹಿತ ಶನಿವಾರವಾದರೆ ಇನ್ನೂ ಅನುಕೂಲ. ಮಧ್ಯದ ಒಂದು ರಾತ್ರಿ ವ್ಯರ್ಥವಲ್ಲ. ‘ಮುಂದೆ ಏನು ಮಾಡಬಹುದು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ’ ಎಂದು ಕೇಳಿ ಮನೆಗೆ ಕಳಿಸಿದರೆ ಶನಿವಾರ ಅವರು ಪ್ರೇಕ್ಷಕರಾಗಿ ಬರುವುದಿಲ್ಲ, ತಮ್ಮ ಉತ್ತರ ಹೊತ್ತು ಬರುತ್ತಾರೆ.

ಸಲಕರಣೆಯಲ್ಲಿ ಕೈಕೊಡುವುದು ಹೆಚ್ಚಾಗಿ ಚಿತ್ರವಲ್ಲ, ಶಬ್ದ. ಪ್ರೊಜೆಕ್ಟರಿನೊಳಗಿನ ಸಣ್ಣ ಸ್ಪೀಕರು 60 ಮಕ್ಕಳಿರುವ ಕೋಣೆಗೆ ಸಾಲದು. ಹೊರಗಿನ ಸ್ಪೀಕರನ್ನು ಪರದೆಯ ಪಕ್ಕದಲ್ಲೇ, ಕೂತ ಮಕ್ಕಳ ತಲೆಗಿಂತ ಎತ್ತರದಲ್ಲಿಡಿ. ಮಲೆನಾಡು, ಕರಾವಳಿಯಲ್ಲಿ ತಗಡಿನ ಮಾಡಿನ ಸಭಾಂಗಣವಾದರೆ ಜುಲೈ, ಆಗಸ್ಟಿನಲ್ಲಿ ಬೇಡ. ಮಳೆ ಹೊಡೆದರೆ ಒಂದು ಮಾತೂ ಕೇಳಿಸುವುದಿಲ್ಲ. ಕೊನೆಯ ಸಾಲು ಪರದೆಯ ಮೇಲಿನ ಚಿತ್ರದ ಎತ್ತರದ ಆರೇಳು ಪಟ್ಟಿಗಿಂತ ದೂರ ಇರಬಾರದು. ಚಿತ್ರ ನಾಲ್ಕು ಅಡಿ ಎತ್ತರವಾದರೆ 25 ಅಡಿಯೊಳಗೆ ಎಲ್ಲರೂ ಕೂರಬೇಕು. ಟಿವಿಯಲ್ಲಿ ತೋರಿಸುವುದಾದರೆ ಒಂದು ಸಲಕ್ಕೆ 25, 30 ಮಕ್ಕಳಿಗಿಂತ ಹೆಚ್ಚು ಬೇಡ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಮೇಲಿನ ಗವಾಕ್ಷಿ ತೆರೆದಿರಲಿ, ಇಲ್ಲವಾದರೆ ಸೆಕೆಗೆ ಮಕ್ಕಳು ಕೂರುವುದಿಲ್ಲ. ಹಿಂದಿನ ದಿನವೇ ಐದು ನಿಮಿಷ ಓಡಿಸಿ ನೋಡಿ. ಕೇಬಲ್ ಸರಿಯಿಲ್ಲ ಎಂದು ಮಕ್ಕಳನ್ನು ಕೂರಿಸಿಕೊಂಡು ಗೊತ್ತುಮಾಡಿಕೊಳ್ಳುವುದು ಬೇಡ.

ಸಿನಿಮಾಕ್ಕೆ ಮುಂಚೆ ಹತ್ತು ನಿಮಿಷ ಭೂಪಟ ಬೇಕೇ ಬೇಕು. ಮಂಡ್ಯದ, ಬಾಗಲಕೋಟೆಯ ಮಗುವಿಗೆ ‘ಕೇರಳದಲ್ಲಿ ಕನ್ನಡ ಶಾಲೆ ಯಾಕಿದೆ’ ಎನ್ನುವುದೇ ಗೊತ್ತಿರುವುದಿಲ್ಲ. ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. 1956ರ ನವೆಂಬರ್ 1ರಂದು ಭಾಷಾವಾರು ಪುನರ್ವಿಂಗಡಣೆಯಾದಾಗ ಅದು ಕೇರಳಕ್ಕೆ ಸೇರಿತು. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರ ವರದಿಯಲ್ಲಿ ಹೇಳಿತು, ಆದರೆ ಅದು ಜಾರಿಗೆ ಬರಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈ ಬದುಕಿನುದ್ದಕ್ಕೂ ದನಿ ಎತ್ತಿದ್ದು ಇದೇ ವಿಷಯಕ್ಕೆ. ಇಷ್ಟು ತಿಳಿದಿದ್ದರೆ ಮಗು ಸಿನಿಮಾವನ್ನು ಬೇರೆಯೇ ಕಣ್ಣಿಂದ ನೋಡುತ್ತದೆ. ಇನ್ನೊಂದು ಮಾತನ್ನೂ ಮರೆಯದೆ ಹೇಳಿ: ಕನ್ನಡ ತಿಳಿಯದ ಶಿಕ್ಷಕರ ನೇಮಕದ ವಿರುದ್ಧ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳೂ ಪೋಷಕರೂ ನಿಜವಾಗಿಯೇ ಪ್ರತಿಭಟಿಸಿದ್ದಾರೆ. ಸಿನಿಮಾದ ಸಮಸ್ಯೆ ಕಟ್ಟುಕತೆಯದಲ್ಲ.

ಮುಗಿದ ಮೇಲಿನ ಒಂದು ಗಂಟೆ

ದೀಪ ಹಾಕಿದ ತಕ್ಷಣ ‘ಈ ಸಿನಿಮಾದ ನೀತಿ ಏನು?’ ಎಂದು ಕೇಳಿದರೆ ಎಲ್ಲ ಮುಗಿದಂತೆ. ‘ಒಗ್ಗಟ್ಟಿನಲ್ಲಿ ಬಲವಿದೆ’ ಎಂದು ಮುಂದಿನ ಬೆಂಚಿನಿಂದ ಉತ್ತರ ಬರುತ್ತದೆ, ಉಳಿದವರು ತಲೆಯಾಡಿಸುತ್ತಾರೆ. ಅದರ ಬದಲು ಐದು ನಿಮಿಷ ಯಾರೂ ಮಾತಾಡದೆ ಒಂದು ಚೀಟಿಯಲ್ಲಿ ಬರೆಯಲಿ: ಯಾರು ಮಾತಾಡಿದಾಗ ಯಾರೂ ಕೇಳಿಸಿಕೊಳ್ಳಲಿಲ್ಲ? ಯಾರ ಕೈಯಲ್ಲಿ ನಿರ್ಧಾರ ಇತ್ತು? ಅವರ ಮನಸ್ಸು ಬದಲಾಗಿದ್ದು ಯಾವುದರಿಂದ, ಕೂಗಿನಿಂದಲೋ, ಸಾಕ್ಷಿಯಿಂದಲೋ, ಕಾನೂನಿನಿಂದಲೋ? ಮೊದಲು ಬರೆಸುವುದಕ್ಕೆ ಕಾರಣವಿದೆ. ಬಾಯಿಮಾತಿನಲ್ಲಿ ಕೇಳಿದರೆ ದಿನಾ ಕೈ ಎತ್ತುವ ಐದಾರು ಜನರೇ ಎತ್ತುತ್ತಾರೆ. ಚೀಟಿಯಲ್ಲಿ ಮಾತ್ರ ಹಿಂದಿನ ಬೆಂಚಿನ ದನಿ ಸಿಗುತ್ತದೆ.

ಆಮೇಲೆ ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ 15 ನಿಮಿಷ ಮಾತಾಡಿಸಿ. ಹುಡುಗಿಯರು ಮಾತಾಡದ ತರಗತಿಯಾದರೆ ಮೊದಲ ಸಲ ಅವರದೇ ಬೇರೆ ಗುಂಪು ಇರಲಿ. ಶೌಚಾಲಯ, ಮುಟ್ಟಿನ ದಿನಗಳು, ದಾರಿಯಲ್ಲಿನ ಚುಡಾಯಿಕೆ, ಇವೆಲ್ಲ ಮಿಶ್ರ ಗುಂಪಿನಲ್ಲಿ ಹೊರಬರುವುದಿಲ್ಲ.

ಕೊನೆಗೆ ಎರಡನೆಯ ಚೀಟಿ. ‘ನಮ್ಮ ಶಾಲೆಯಲ್ಲಿ, ಶಾಲೆಗೆ ಬರುವ ದಾರಿಯಲ್ಲಿ ಬದಲಾಗಬೇಕಾದ್ದು ಒಂದು.’ ತಮ್ಮ ಹೆಸರು ಬರೆಯಬಾರದು, ಒಬ್ಬರ ಮೇಲೆ ದೂರು ಬರೆಯಬೇಕಿದ್ದರೂ ಬರೆಯಬಹುದು ಎಂದು ಹೇಳಿ ಮುಚ್ಚಿದ ಡಬ್ಬಕ್ಕೆ ಹಾಕಿಸಿ. ಡಬ್ಬವನ್ನು ಮಕ್ಕಳ ಎದುರು ತೆರೆಯಬೇಡಿ. ಇಬ್ಬರು ಶಿಕ್ಷಕರು ಮೊದಲು ಓದಿ. ಏಕೆಂದರೆ ಅದರಲ್ಲಿ ಒಂದು ಚೀಟಿ ಬೇರೆ ರೀತಿಯದಿರಬಹುದು: ಯಾರೋ ಮೈ ಮುಟ್ಟುತ್ತಾರೆ, ಮನೆಯಲ್ಲಿ ಹೊಡೆಯುತ್ತಾರೆ, ಮದುವೆ ಮಾಡಲು ಹೊರಟಿದ್ದಾರೆ. ಅಂಥದ್ದು ಚರ್ಚೆಗೆ, ಮನವಿಗೆ, ಸಭೆಗೆ ಬರುವ ವಿಷಯವೇ ಅಲ್ಲ. ಅಂದೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಗಬೇಕು. ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ತಿಳಿದವರೆಲ್ಲರ ಕಡ್ಡಾಯ ಕರ್ತವ್ಯ, ತಿಳಿಸದಿರುವುದು ಅಪರಾಧ. ‘ಶಾಲೆಯ ಮರ್ಯಾದೆ’ ಎಂದು ಅದನ್ನು ಒಳಗೇ ಮುಚ್ಚುವ ಶಾಲೆ ಸಿನಿಮಾ ತೋರಿಸದಿರುವುದೇ ವಾಸಿ.

ಒಂದೇ ವಿಷಯ ಆರಿಸಿ

ಉಳಿದ ಚೀಟಿಗಳನ್ನು ಮಕ್ಕಳೇ ಮೂರು ರಾಶಿ ಮಾಡಲಿ. ನಾವೇ ಸರಿಮಾಡಿಕೊಳ್ಳಬಹುದಾದದ್ದು, ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮಾಡಬಹುದಾದದ್ದು, ಹೊರಗಿನ ಕಚೇರಿಯವರೇ ಮಾಡಬೇಕಾದದ್ದು. ಮೊದಲ ರಾಶಿಯ ಒಂದನ್ನು ಆ ವಾರವೇ ಮಾಡಿ ಮುಗಿಸಿ. ಗ್ರಂಥಾಲಯದ ಬೀರು ತೆರೆಸುವುದೋ, ಊಟದ ಸಾಲಿನ ಕ್ರಮವೋ, ಏನಾದರೂ ಸರಿ. ‘ಹೇಳಿದರೆ ಆಗುತ್ತದೆ’ ಎಂಬ ಅನುಭವ ಬೇಗ ಸಿಗಬೇಕು.

ದೊಡ್ಡ ವಿಷಯವಾಗಿ ಒಂದನ್ನೇ ಎತ್ತಿಕೊಳ್ಳಬೇಕು. ಹನ್ನೆರಡು ಬೇಡಿಕೆಯ ಪಟ್ಟಿ ಕೊಟ್ಟರೆ ಅಧಿಕಾರಿ ಅವುಗಳಲ್ಲಿ ಅತ್ಯಂತ ಸುಲಭದ್ದನ್ನು ಮಾಡಿ, ‘ಮಕ್ಕಳ ಬೇಡಿಕೆ ಈಡೇರಿಸಲಾಗಿದೆ’ ಎಂದು ಬರೆದು ಕಡತ ಮುಚ್ಚುತ್ತಾರೆ. ಆಯ್ಕೆಗೆ ನಾಲ್ಕು ಒರೆಗಲ್ಲು: ಬಹಳ ಮಕ್ಕಳಿಗೆ ತಟ್ಟುವಂಥದ್ದಾಗಿರಬೇಕು, ಎಣಿಸಲು ಅಳೆಯಲು ಬರಬೇಕು, ಯಾರು ಮಾಡಬೇಕೆಂದು ಗೊತ್ತಿರಬೇಕು, ಮೂರು ತಿಂಗಳಲ್ಲಿ ಏನಾದರೂ ಕಣ್ಣಿಗೆ ಕಾಣುವಂತಿರಬೇಕು. ‘ಶಿಕ್ಷಣ ವ್ಯವಸ್ಥೆ ಸುಧಾರಿಸಬೇಕು’ ಎನ್ನುವುದು ಇದರಲ್ಲಿ ಒಂದಕ್ಕೂ ನಿಲ್ಲುವುದಿಲ್ಲ. ‘ಸಂಜೆ 4:30ಕ್ಕೆ ಶಾಲೆ ಬಿಡುತ್ತದೆ, ಬಸ್ಸು 4:20ಕ್ಕೇ ಹೋಗುತ್ತದೆ’ ಎನ್ನುವುದು ನಾಲ್ಕಕ್ಕೂ ನಿಲ್ಲುತ್ತದೆ.

ಮತ ಹಾಕಿಸಿ ಆರಿಸಿ, ಗುಟ್ಟಾಗಿ. ಶಿಕ್ಷಕರಿಗೆ ಬೇಕಾದ ವಿಷಯ ಗೆಲ್ಲದಿದ್ದರೆ ಅದನ್ನು ಒಪ್ಪಿಕೊಳ್ಳುವ ಧೈರ್ಯ ನಿಮಗಿರಬೇಕು. ಮಕ್ಕಳ ಮತವನ್ನು ಒಮ್ಮೆ ತಿರುಚಿದರೆ ಅವರು ಮತ್ತೆ ನಂಬುವುದಿಲ್ಲ.

ಎಣಿಸುವುದು, ಬರೆದಿಡುವುದು

ಇಡೀ ಕೆಲಸದ ಜೀವಾಳ ಇದು, ಎಲ್ಲರೂ ಹಾರಿಸಿಬಿಡುವುದೂ ಇದನ್ನೇ. ಸಿನಿಮಾ ಕೊಟ್ಟ ಹುರುಪಿನಲ್ಲಿ ಮಕ್ಕಳು ನೇರ ಭಾಷಣಕ್ಕೆ ಹಾರಲು ನೋಡುತ್ತಾರೆ. ತಡೆದು ನಿಲ್ಲಿಸಿ, ಹತ್ತು ಶಾಲಾ ದಿನ ಬರೀ ಎಣಿಸಲು ಹಚ್ಚಿ.

ವಿಷಯ ಹುಡುಗಿಯರ ಶೌಚಾಲಯ ಎಂದಿಟ್ಟುಕೊಳ್ಳಿ. ಒಂದು ಉದ್ದನೆಯ ನೋಟ್‌ಬುಕ್ಕು, ಅದಕ್ಕೆ ಪುಟಸಂಖ್ಯೆ. ದಿನಕ್ಕೆ ಮೂರು ಹೊತ್ತು, ಬೆಳಗಿನ ಪ್ರಾರ್ಥನೆಗೆ ಮುಂಚೆ, ಊಟದ ಹೊತ್ತಿಗೆ, ಕೊನೆಯ ಪಿರಿಯಡ್ಡಿಗೆ ಮುಂಚೆ, ಇಬ್ಬಿಬ್ಬರು ಹೋಗಿ ನೋಡಬೇಕು. ನಲ್ಲಿಯಲ್ಲಿ ನೀರಿದೆಯೇ, ಬಾಗಿಲಿಗೆ ಚಿಲಕ ಇದೆಯೇ, ಎಷ್ಟು ಕೋಣೆ ಬಳಸಲು ಬರುವಂತಿದೆ, ಸರದಿಯಲ್ಲಿ ಎಷ್ಟು ಜನ. ‘ಇದೆ’, ‘ಇಲ್ಲ’, ಸಂಖ್ಯೆ, ಇಷ್ಟೇ. ‘ತುಂಬಾ ಗಲೀಜು’ ಎಂಬಂಥ ಮಾತು ಬೇಡ. ಪ್ರತಿ ಸಾಲಿಗೆ ದಿನಾಂಕ, ವೇಳೆ, ನೋಡಿದ ಇಬ್ಬರ ಸಹಿ. ಇಬ್ಬರು ಏಕೆಂದರೆ ಒಬ್ಬರೇ ಆದರೆ ‘ಇವಳು ಸುಮ್ಮನೆ ಬರೆದಿದ್ದಾಳೆ’ ಎಂಬ ಮಾತು ಬರುತ್ತದೆ.

ಆಮೇಲೆ ಲೆಕ್ಕ. ಉದಾಹರಣೆಗೆ 90 ಹುಡುಗಿಯರು, ಬಳಸಲು ಬರುವ ಕೋಣೆ 3, ಸಣ್ಣ ಬಿಡುವು 10 ನಿಮಿಷ. ಒಬ್ಬರಿಗೆ ಎರಡು ನಿಮಿಷವಾದರೆ ಒಂದು ಕೋಣೆಗೆ ಐವರು, ಮೂರು ಕೋಣೆಗೆ 15. ಉಳಿದ 75 ಹುಡುಗಿಯರಿಗೆ ಆ ಬಿಡುವಿನಲ್ಲಿ ಅವಕಾಶವೇ ಇಲ್ಲ. ಏಳನೆಯ ತರಗತಿಯ ಹುಡುಗಿ ಈ ಲೆಕ್ಕವನ್ನು ತಾನೇ ಮಾಡಿ ಪಂಚಾಯಿತಿ ಸಭೆಯಲ್ಲಿ ಹೇಳಿದರೆ ಎದುರು ಕೂತವರಿಗೆ ತಿರುಗಿ ಹೇಳಲು ಏನೂ ಉಳಿದಿರುವುದಿಲ್ಲ. ‘ಅದಕ್ಕೇ ನಾವು ನೀರು ಕುಡಿಯುವುದಿಲ್ಲ’ ಎಂಬ ಒಂದು ವಾಕ್ಯ ಸೇರಿಸಿದರೆ ಸಾಕು.

ಫೋಟೋ ತೆಗೆಯಬಹುದು, ಆದರೆ ಬಾಗಿಲು, ನಲ್ಲಿ, ಗೋಡೆಯದು ಮಾತ್ರ, ಅದೂ ಶಿಕ್ಷಕರ ಫೋನಿನಲ್ಲಿ. ಮಕ್ಕಳ ಮುಖ ಇರುವ ಫೋಟೋ, ವಿಡಿಯೋ ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಎಲ್ಲಿಗೂ ಹೋಗಬಾರದು. ವಾಟ್ಸಾಪಿಗೆ ಹಾಕಿದ ವಿಡಿಯೋ ಎರಡು ದಿನ ಓಡಿ ನಿಲ್ಲುತ್ತದೆ. ಅದರಿಂದ ಮಗುವಿಗೆ ಬಂದ ಬೈಗುಳ ವರ್ಷಗಟ್ಟಲೆ ಉಳಿಯುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಒಂದೆರಡು ಪುಟದ್ದು, ಮಕ್ಕಳೇ ಓದಬಹುದು. ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕ ಶೌಚಾಲಯ, ಸಾಕಷ್ಟು ಶುದ್ಧ ಕುಡಿಯುವ ನೀರು, ಅಡುಗೆ ಕೋಣೆ, ಆಟದ ಮೈದಾನ, ಕಾಂಪೌಂಡು, ಗ್ರಂಥಾಲಯ, ಎಲ್ಲ ಮಕ್ಕಳೂ ಅಡೆತಡೆಯಿಲ್ಲದೆ ಒಳಬರುವಂಥ ದಾರಿ, ಇವೆಲ್ಲ ಅದರಲ್ಲಿವೆ. 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು. 6ರಿಂದ 8ನೇ ತರಗತಿಗೆ ವಿಜ್ಞಾನ ಮತ್ತು ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗಳಿಗೆ ಕನಿಷ್ಠ ಒಬ್ಬೊಬ್ಬರು. ಪಾಠ ಸಾಧ್ಯವಾದಷ್ಟೂ ಮಗುವಿನ ತಾಯಿನುಡಿಯಲ್ಲಿರಬೇಕು ಎಂದು 29ನೇ ಕಲಂ ಹೇಳುತ್ತದೆ. ಸಿನಿಮಾದ ಗಣಿತ ಮೇಷ್ಟ್ರ ದೃಶ್ಯವನ್ನು ಈಗ ಮತ್ತೊಮ್ಮೆ ನೆನಪಿಸಿ. ಆಗ ನಕ್ಕಿದ್ದ ಮಕ್ಕಳು ಈಗ ಕಾನೂನಿನ ಪುಟ ತಿರುವುತ್ತಾರೆ.

ಯಾರ ಬಾಗಿಲು ತಟ್ಟಬೇಕು

ಸರಿಯಾದ ಮನವಿ ತಪ್ಪು ಕಚೇರಿಗೆ ಹೋದರೆ ಅಲ್ಲೇ ಕೊಳೆಯುತ್ತದೆ. ಮೊದಲ ಮೆಟ್ಟಿಲು ಯಾವಾಗಲೂ ಮುಖ್ಯ ಶಿಕ್ಷಕರು, ಆಮೇಲೆ ಎಸ್‌ಡಿಎಂಸಿ. ಅದರಲ್ಲಿ ಬಹುಪಾಲು ಪೋಷಕರೇ ಇರುವುದರಿಂದ ಮಕ್ಕಳ ಮಾತಿಗೆ ಮನೆಯವರ ಬಲ ಸೇರುವುದು ಇಲ್ಲೇ. ನೀರು, ಸ್ವಚ್ಛತೆ, ಬೀದಿದೀಪ, ಶಾಲೆಯ ಮುಂದಿನ ಚರಂಡಿಗೆ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ. ಶಿಕ್ಷಕರ ಕೊರತೆ, ಕೊಠಡಿಯ ದುರಸ್ತಿಗೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ, ಅವರ ಮೇಲೆ ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರು, ಅಂದರೆ ಡಿಡಿಪಿಐ. ಬಿಸಿಯೂಟಕ್ಕೆ ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರು. ಬಸ್ಸಿನ ವೇಳೆಗೆ ಸಾರಿಗೆ ನಿಗಮದ ಡಿಪೋ ಮ್ಯಾನೇಜರು. ಪೇಟೆಯ ಶಾಲೆಯಾದರೆ ಪಂಚಾಯಿತಿಯ ಜಾಗದಲ್ಲಿ ಪುರಸಭೆ, ನಗರಸಭೆ.

ಕಾಸರಗೋಡಿನ ಕನ್ನಡ ಶಾಲೆಗಳಿಗೆ ದಾರಿ ಬೇರೆ. ಅಲ್ಲಿ ಪಿಟಿಎ (ಶಿಕ್ಷಕ-ಪೋಷಕರ ಸಂಘ), ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿ, ಡಿಇಒ (ಜಿಲ್ಲಾ ಶಿಕ್ಷಣಾಧಿಕಾರಿ) ಕಚೇರಿ. ಅಹವಾಲನ್ನು ಒಕ್ಕೂಟದಲ್ಲೋ ರಾಜ್ಯದಲ್ಲೋ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಎಲ್ಲರಿಗೂ ಕೊಟ್ಟಿದೆ. ಹಾಗಾಗಿ ಕನ್ನಡದಲ್ಲೇ ಬರೆಯಬಹುದು, ಬೇಗ ಕೆಲಸವಾಗಲೆಂದು ಜೊತೆಗೊಂದು ಮಲಯಾಳ ಪ್ರತಿ ಇಡಬಹುದು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಕಲಿಕೆಗೆ ಸೌಕರ್ಯ ಒದಗಿಸಬೇಕೆನ್ನುವ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದು 1956ರಲ್ಲೇ, ಕಾಸರಗೋಡು ಕೇರಳಕ್ಕೆ ಹೋದ ವರ್ಷವೇ. ಅಲ್ಲಿನ ಮನವಿಗಳಲ್ಲಿ ಇದನ್ನು ತಪ್ಪದೆ ಉಲ್ಲೇಖಿಸಬೇಕು.

ಮನವಿ ಪತ್ರ

ಒಂದೇ ಪುಟ. ಮಕ್ಕಳ ಕೈಬರಹ, ಮಕ್ಕಳ ವಾಕ್ಯ. ಶಿಕ್ಷಕರು ಕಾಗುಣಿತ ತಿದ್ದಬಹುದು, ‘ತಮ್ಮ ಘನ ಕಚೇರಿಯ ಅವಗಾಹನೆಗೆ’ ಎಂದು ಸೇರಿಸಬಾರದು. ಅಂಥ ಭಾಷೆ ಕಂಡ ಕೂಡಲೇ ಇದು ಮೇಷ್ಟ್ರು ಬರೆದದ್ದೆಂದು ಗೊತ್ತಾಗುತ್ತದೆ. ಮಾದರಿ ಹೀಗಿರಬಹುದು:

‘ಇವರಿಗೆ: ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು. ವಿಷಯ: ನಮ್ಮ ಶಾಲೆಯ ಹುಡುಗಿಯರ ಶೌಚಾಲಯಕ್ಕೆ ನೀರು ಒದಗಿಸುವ ಬಗ್ಗೆ. ಮಾನ್ಯರೇ, ನಮ್ಮ ಶಾಲೆಯಲ್ಲಿ 90 ಹುಡುಗಿಯರಿದ್ದೇವೆ. ನಾವು ಹತ್ತು ದಿನ, ದಿನಕ್ಕೆ ಮೂರು ಸಲ ನೋಡಿ ಬರೆದಿದ್ದೇವೆ. 30 ಸಲದಲ್ಲಿ 22 ಸಲ ನಲ್ಲಿಯಲ್ಲಿ ನೀರಿರಲಿಲ್ಲ. ಪುಸ್ತಕದ ಪ್ರತಿ ಇದರ ಜೊತೆಗಿದೆ. ನೀರಿಲ್ಲದ ದಿನ ಕೆಲವರು ಮಧ್ಯಾಹ್ನವೇ ಮನೆಗೆ ಹೋಗುತ್ತಾರೆ. ಮಿನಿ ಟ್ಯಾಂಕಿನಿಂದ ಶೌಚಾಲಯಕ್ಕೆ ಪೈಪು ಹಾಕಿಸಿಕೊಡಬೇಕೆಂದು ಕೇಳುತ್ತೇವೆ. ಇದು ಯಾವಾಗ ಆಗಬಹುದೆಂದು 30 ದಿನದೊಳಗೆ ನಮಗೆ ಬರೆದು ತಿಳಿಸಿ. ಇಂತಿ, ಶಾಲಾ ಸಂಸತ್ತಿನ ಪರವಾಗಿ.’

ಅದರಲ್ಲಿರುವುದು ಸಮಸ್ಯೆ, ಪುರಾವೆ, ಪರಿಣಾಮ, ಒಂದು ಬೇಡಿಕೆ, ಒಂದು ಗಡುವು. ಸಹಿ ಎಲ್ಲರದೂ ಇರಲಿ, ಒಬ್ಬಿಬ್ಬರದೇ ಇದ್ದರೆ ಅವರನ್ನು ಮಾತ್ರ ಕರೆದು ಗದರಿಸುವುದು ಸುಲಭ. ಎರಡು ಪ್ರತಿ ಒಯ್ಯಬೇಕು. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಸೀಲು, ದಿನಾಂಕ, ಸ್ವೀಕರಿಸಿದವರ ಸಹಿ ಹಾಕಿಸಿಕೊಂಡು ಬರಬೇಕು. ‘ಇಟ್ಟು ಹೋಗಿ, ನೋಡ್ತೀವಿ’ ಅಂದರೆ ಜೊತೆಗೆ ಹೋದ ಪೋಷಕರು ನಯವಾಗಿ ನಿಂತು ಸೀಲು ಕೇಳಬೇಕು. ಸೀಲಿಲ್ಲದ ಮನವಿಯನ್ನು ಕೊಟ್ಟೇ ಇಲ್ಲವೆಂದು ಲೆಕ್ಕ. ಹಾಗೂ ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಅಂಟಿಸಿಡಿ.

ಮಾತಾಡುವ ತಯಾರಿ

ಸಭೆಯಲ್ಲಿ ಮೂವರು ಮಾತಾಡಲಿ, ಒಬ್ಬೊಬ್ಬರಿಗೆ ಒಂದೂವರೆ ನಿಮಿಷ. ಮೊದಲನೆಯವರು ಸಮಸ್ಯೆ, ಎರಡನೆಯವರು ಲೆಕ್ಕ, ಮೂರನೆಯವರು ಬೇಡಿಕೆ. ಯಾವಾಗಲೂ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ತರುವ ಮಗುವನ್ನೇ ಮುಂದೆ ಬಿಡಬೇಡಿ. ಕಷ್ಟ ಯಾರದೋ ಅವರಲ್ಲಿ ಒಬ್ಬರಾದರೂ ಮಾತಾಡಬೇಕು. ಕಂಠಪಾಠ ಮಾಡಿಸಬೇಡಿ. ಮರೆತರೆ ಮಗು ಅಲ್ಲೇ ನಿಂತುಬಿಡುತ್ತದೆ. ಅಂಗೈ ಅಗಲದ ರಟ್ಟಿನಲ್ಲಿ ಐದೇ ಪದ ಬರೆದುಕೊಳ್ಳಲಿ, ಅದನ್ನು ನೋಡಿ ತಮ್ಮ ಮಾತಿನಲ್ಲಿ ಹೇಳಲಿ. ಮನೆಮಾತಿನ ಕನ್ನಡವೇ ಇರಲಿ, ಕುಂದಾಪುರದ್ದು, ಧಾರವಾಡದ್ದು, ಕೋಲಾರದ್ದು ಯಾವುದಾದರೂ. ಗ್ರಂಥಭಾಷೆಗೆ ತಿರುಗಿಸಿದರೆ ದನಿ ಸಣ್ಣದಾಗುತ್ತದೆ.

ಕಷ್ಟದ ಪ್ರಶ್ನೆಗಳ ಅಭ್ಯಾಸ ಮಾಡಿಸಿ. ಶಿಕ್ಷಕರೊಬ್ಬರು ಅಧಿಕಾರಿಯಾಗಿ ಕೂತು ಕೇಳಲಿ: ‘ಇದನ್ನೆಲ್ಲ ಯಾರು ಹೇಳಿಕೊಟ್ಟಿದ್ದು?’ ಉತ್ತರ: ‘ನಾವೇ ಎಣಿಸಿದ್ದು ಸರ್, ಪುಸ್ತಕ ಇಲ್ಲಿದೆ.’ ‘ಅನುದಾನ ಇಲ್ಲ.’ ಉತ್ತರ: ‘ಮುಂದಿನ ಕ್ರಿಯಾಯೋಜನೆಯಲ್ಲಿ ಸೇರಿಸುತ್ತೀರಾ? ನಡಾವಳಿಯಲ್ಲಿ ಬರೆಸುತ್ತೀರಾ?’ ‘ನೀವು ಮೊದಲು ಚೆನ್ನಾಗಿ ಓದಿ.’ ಇದಕ್ಕೆ ಉತ್ತರ ಕೊಡುವ ಅಗತ್ಯವಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇಡಿಕೆಯನ್ನು ಮತ್ತೊಮ್ಮೆ ಹೇಳಬೇಕು. ಈ ಅಭ್ಯಾಸವನ್ನು ಎರಡು ಮೂರು ದಿನ ಮಾಡಿದ ಮಗುವಿಗೆ ನಿಜವಾದ ಸಭೆಯಲ್ಲಿ ಕಾಲು ನಡುಗುವುದು ಎಷ್ಟೋ ಕಡಿಮೆ.

ಮಕ್ಕಳ ಗ್ರಾಮಸಭೆ

ಕರ್ನಾಟಕದಲ್ಲಿ ಪ್ರತಿ ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಸಾಮಾನ್ಯವಾಗಿ ನವೆಂಬರ್ 14ರ ಮಕ್ಕಳ ದಿನಾಚರಣೆಯ ನಂತರದ ವಾರಗಳಲ್ಲಿ ಅದು ನಡೆಯುತ್ತದೆ. ಮಕ್ಕಳಿಗೆ ಸಂಬಂಧಿಸಿದ ವಿಷಯದಲ್ಲಿ ಮಕ್ಕಳ ಮಾತನ್ನು ಕೇಳಬೇಕೆನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹಳ್ಳಿಯಲ್ಲಿ ಕಾಣಿಸುವುದು ಇಲ್ಲೇ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿದೆ.

ಈ ಸಭೆ ಹಾಳಾಗುವ ಬಗೆ ಎಲ್ಲ ಕಡೆಯೂ ಒಂದೇ. ಪ್ರಾರ್ಥನೆ, ಸ್ವಾಗತ, ಗಣ್ಯರಿಗೆ ಹಾರ, ನಾಲ್ಕು ಭಾಷಣ, ಅಷ್ಟರಲ್ಲಿ ಊಟದ ಹೊತ್ತು. ಮಕ್ಕಳಿಗೆ ಉಳಿಯುವುದು ಹತ್ತು ನಿಮಿಷ. ಇದನ್ನು ತಪ್ಪಿಸಲು ವಾರ ಮುಂಚೆಯೇ ಎಸ್‌ಡಿಎಂಸಿ ಅಧ್ಯಕ್ಷರು ಪಿಡಿಒ ಅವರನ್ನು ಕಂಡು ಮೂರು ವಿಷಯ ಕೇಳಿಕೊಳ್ಳಬೇಕು: ಮಕ್ಕಳ ಪ್ರಶ್ನೆ ಮೊದಲು, ಭಾಷಣ ಆಮೇಲೆ. ಕಳೆದ ವರ್ಷದ ಬೇಡಿಕೆಗಳಿಗೆ ಏನು ಮಾಡಲಾಯಿತು ಎಂಬುದನ್ನು ಓದಬೇಕು. ಈ ವರ್ಷದ ಬೇಡಿಕೆಗಳನ್ನು ನಡಾವಳಿಯಲ್ಲಿ ಬರೆದು ಪ್ರತಿ ಕೊಡಬೇಕು. ಪ್ರಶ್ನೆಗಳನ್ನು ಮುಂಚೆಯೇ ಬರೆದು ಕೊಟ್ಟರೆ ಸಂಬಂಧಪಟ್ಟ ಇಲಾಖೆಯವರು ‘ನನಗೆ ಮಾಹಿತಿ ಇಲ್ಲ’ ಎನ್ನಲು ಬರುವುದಿಲ್ಲ.

ಮಕ್ಕಳನ್ನು ರಸ್ತೆ ತಡೆಗೆ, ಪಕ್ಷಗಳ ಮೆರವಣಿಗೆಗೆ ಕರೆದೊಯ್ಯಬೇಡಿ. ಬಿಸಿಲಲ್ಲಿ ಬಾವುಟ ಹಿಡಿದು ನಿಂತ ಮಗುವಿನ ಮಾತನ್ನು ಅಲ್ಲಿ ಯಾರೂ ಕೇಳುವುದಿಲ್ಲ, ಅದು ದೊಡ್ಡವರ ಸಭೆಯ ಅಲಂಕಾರವಾಗಿ ಮುಗಿಯುತ್ತದೆ. ಸರ್ಕಾರಿ ಶಿಕ್ಷಕರಿಗೆ ನಡತೆ ನಿಯಮಗಳೂ ಇವೆ. ಹೊರಗಿನ ಕಚೇರಿಗಳಿಗೆ ಮಕ್ಕಳ ಜೊತೆ ಹೋಗುವುದು ಪೋಷಕರು ಮತ್ತು ಎಸ್‌ಡಿಎಂಸಿಯವರೇ ಆಗಿರಲಿ. ಮನೆಯವರಿಗೆ ಮೊದಲೇ ಎಲ್ಲ ತಿಳಿಸಿರಬೇಕು. ‘ನಿನಗ್ಯಾಕೆ ಊರ ಉಸಾಬರಿ’ ಎಂದು ಮನೆಯಲ್ಲಿ ಬೈಸಿಕೊಂಡ ಮಗು ಮುಂದೆ ಬಾಯಿ ತೆರೆಯುವುದಿಲ್ಲ. ಸಾಧ್ಯವಾದರೆ ಪೋಷಕರನ್ನೂ ಸಿನಿಮಾ ನೋಡಲು ಕರೆಯಿರಿ, ಕಾಯ್ದೆಯಲ್ಲೂ ಅದಕ್ಕೆ ಅವಕಾಶವಿದೆ.

ಉತ್ತರ ಬರದಿದ್ದರೆ

ಹೆಚ್ಚಿನ ಮನವಿಗಳಿಗೆ ಮೊದಲು ಸಿಗುವುದು ಮೌನ. ಇದನ್ನು ಮಕ್ಕಳಿಗೆ ಮುಂಚೆಯೇ ಹೇಳಿರಬೇಕು. ಸಿನಿಮಾದಲ್ಲಿ ಎಲ್ಲ ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ, ಕಚೇರಿಯಲ್ಲಿ ಒಂದು ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ವಾರಗಳು ಬೇಕು. ಗೋಡೆಗೆ ಒಂದು ಚಾರ್ಟು ಹಾಕಿ: ಕೊಟ್ಟ ದಿನ, ಸ್ವೀಕರಿಸಿದವರು, ನೆನಪೋಲೆ ಕಳಿಸಿದ ದಿನ, ಬಂದ ಉತ್ತರ. ಖಾಲಿ ಇರುವ ಚೌಕವೂ ಮಕ್ಕಳ ಕಣ್ಣಿಗೆ ಬೀಳುತ್ತಿರಲಿ.

30 ದಿನ ಕಳೆದ ಮೇಲೆ ಒಂದು ನೆನಪೋಲೆ. ಅದಕ್ಕೂ ಉತ್ತರವಿಲ್ಲದಿದ್ದರೆ ಪೋಷಕರೊಬ್ಬರು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಲಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರಿನಲ್ಲಿ ಕೊಡಬಹುದು. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ‘ಯಾಕೆ ಮಾಡಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲವೆಂದು ತಳ್ಳಿಹಾಕುತ್ತಾರೆ. ‘ಇಂಥ ದಿನಾಂಕದ, ಇಂಥ ಸಂಖ್ಯೆಯ ಮನವಿಯ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ, ಟಿಪ್ಪಣಿ ಹಾಳೆಗಳ ಸಮೇತ’ ಎಂದು ಕೇಳಬೇಕು. ಸೀಲು ಹಾಕಿಸಿದ ಪ್ರತಿ ಕೆಲಸಕ್ಕೆ ಬರುವುದು ಇಲ್ಲೇ. ಉತ್ತರ ಕೊಡಲು ಕಚೇರಿಗೆ 30 ದಿನದ ಗಡುವಿದೆ.

ಅರ್ಧ ಕೆಲಸವಾದರೆ ಆದಷ್ಟಕ್ಕೆ ಕೃತಜ್ಞತೆಯ ಪತ್ರ ಬರೆಸಿ, ಉಳಿದದ್ದನ್ನು ಅದೇ ಪತ್ರದ ಎರಡನೆಯ ಪ್ಯಾರಾದಲ್ಲಿ ಮತ್ತೆ ಕೇಳಿ. ಪೈಪು ಬಂದ ಮೇಲೂ ಹತ್ತು ದಿನದ ಎಣಿಕೆಯನ್ನು ಇನ್ನೊಮ್ಮೆ ಮಾಡಿಸಿ. ನಲ್ಲಿ ಹಾಕಿ, ಫೋಟೋ ತೆಗೆದು, ಮರುವಾರವೇ ನೀರು ನಿಲ್ಲುವುದು ಬಹಳ ಕಡೆ ಇದೆ. ಹೊಸ ಲೆಕ್ಕ ಇದ್ದರೆ ಅದನ್ನೂ ಕೇಳಬಹುದು.

10ನೇ ತರಗತಿ ಮುಗಿಸಿ ಹೋಗುವ ಮಕ್ಕಳು ನೋಟ್‌ಬುಕ್ಕು, ಸೀಲು ಹಾಕಿದ ಪ್ರತಿಗಳು, ನಡಾವಳಿ ಎಲ್ಲವನ್ನೂ ಒಂದೇ ಫೈಲಿನಲ್ಲಿಟ್ಟು 8 ಮತ್ತು 9ನೇ ತರಗತಿಯ ತಲಾ ಇಬ್ಬರಿಗೆ ಮಾರ್ಚ್‌ಗೆ ಮುಂಚೆ ಓದಿ ವಿವರಿಸಿ ಒಪ್ಪಿಸಬೇಕು. ಹಿರಿಯ ಪ್ರಾಥಮಿಕ ಶಾಲೆಯಾದರೆ 7ನೆಯವರು 6ನೆಯವರಿಗೆ. ಪಿಡಿಒ ವರ್ಗವಾಗುತ್ತಾರೆ, ಬಿಇಒ ವರ್ಗವಾಗುತ್ತಾರೆ, ಮುಖ್ಯ ಶಿಕ್ಷಕರೂ ನಿವೃತ್ತರಾಗುತ್ತಾರೆ. ಹೊಸದಾಗಿ ಬಂದವರ ಮೇಜಿನ ಮೇಲೆ ಜೂನ್ ಮೊದಲ ವಾರದಲ್ಲೇ ಆ ಫೈಲಿನ ಪ್ರತಿ ಇರಬೇಕು.